‘ತೆಂಗಿನ ಹೂವು’ ಎಂಬ ಬೆಳಗುವ ಅಣಬೆ

ಮಳೆಗಾಲದಲ್ಲಿ ಹಿತ್ತಲಿನ ಕೊಳೆತ ಮರದ ಮೇಲೆ ಅಣಬೆ ಏಳುವುದನ್ನು ನೀವೆಲ್ಲ ನೋಡಿಯೇ ಇರುತ್ತೀರಿ. ಕತ್ತಲಲ್ಲಿ ತಾನಾಗಿಯೇ ಹಸಿರು ಬೆಳಕು ಸೂಸುವ ಅಣಬೆಯೂ ಇದೆ ಎಂದರೆ ನಂಬುವಿರಾ? ಇದುವರೆಗೆ ಹೆಸರಿಸಲಾಗಿರುವ ಒಂದು ಲಕ್ಷಕ್ಕೂ ಮಿಕ್ಕಿದ ಶಿಲೀಂಧ್ರಗಳಲ್ಲಿ ನೂರಕ್ಕೆ ಸ್ವಲ್ಪ ಹೆಚ್ಚು ಜಾತಿಗಳಿಗೆ ಮಾತ್ರ ಈ ಗುಣವಿದೆ. ಅವುಗಳಲ್ಲಿ ಒಂದರ ಕಥೆಯನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಅದು 1839ರ ಡಿಸೆಂಬರ್ ತಿಂಗಳು. ಜಾರ್ಜ್ ಗಾರ್ಡ್ನರ್ ಎಂಬ ಸ್ಕಾಟ್ಲೆಂಡಿನ ಸಸ್ಯಶಾಸ್ತ್ರಜ್ಞ ಬ್ರೆಜಿಲ್ ದೇಶದ ಒಳನಾಡಿನಲ್ಲಿರುವ ನಾಟಿವಿಡಾಡೆ ಎಂಬ ಸಣ್ಣ ಊರಿನಲ್ಲಿದ್ದ. ಒಂದು ಕಗ್ಗತ್ತಲ ರಾತ್ರಿ ಬೀದಿಯಲ್ಲಿ ಹೋಗುತ್ತಿರುವಾಗ ಕೆಲವು ಹುಡುಗರು ಹೊಳೆಯುವ ಏನನ್ನೋ ಹಿಡಿದು ಆಡುತ್ತಿರುವುದು ಅವನ ಕಣ್ಣಿಗೆ ಬಿತ್ತು. ದೊಡ್ಡ ಮಿಂಚುಹುಳ ಇರಬೇಕೆಂದುಕೊಂಡ. ವಿಚಾರಿಸಿದಾಗ ಅದು ಅಣಬೆ! ಒಂದು ಜಾತಿಯ ಗಿಡ್ಡ ತಾಳೆಯ ಕೊಳೆಯುವ ಗರಿಗಳ ಮೇಲೆ ಅದು ಬೇಕಾದಷ್ಟು ಬೆಳೆಯುತ್ತದೆಂದು ಊರಿನವರು ಹೇಳಿದರು. ಅದಕ್ಕೆ ಅವರಲ್ಲಿ ಹೆಸರೂ ಇತ್ತು: ‘ಫ್ಲೋರ್ ದೆ ಕೋಕೊ’, ಅಂದರೆ ತೆಂಗಿನ ಹೂವು. ಮರುದಿನ ಗಾರ್ಡ್ನರ್ ಬಹಳಷ್ಟು ಅಣಬೆಗಳನ್ನು ಸಂಗ್ರಹಿಸಿದ. ಕತ್ತಲೆ ಕೋಣೆಯಲ್ಲಿ ಅಂಥ ಕೆಲವೇ ಅಣಬೆಗಳಿದ್ದರೆ ಓದುವಷ್ಟು ಬೆಳಕು ಸಿಗುತ್ತಿತ್ತೆಂದು ಅವನು ಬರೆದಿದ್ದಾನೆ. ಇಂಗ್ಲೆಂಡಿನ ಶಿಲೀಂಧ್ರ ತಜ್ಞ ಮೈಲ್ಸ್ ಬರ್ಕ್ಲಿ 1840ರಲ್ಲಿ ಅದಕ್ಕೆ ಗಾರ್ಡ್ನರ್‌ನ ಹೆಸರನ್ನೇ ಇಟ್ಟ. ಆಟವಾಡುತ್ತಿದ್ದ ಹುಡುಗರ ಹೆಸರನ್ನು ಮಾತ್ರ ಯಾರೂ ಬರೆದಿಡಲಿಲ್ಲ.

ಅಲ್ಲಿಂದ ಮುಂದೆ ಆದದ್ದು ವಿಚಿತ್ರ. ಒಣಗಿದ ಅಣಬೆ ಬೆಳಗುವುದಿಲ್ಲ. ಬರ್ಕ್ಲಿಯ ಸಂಗ್ರಹವೆಲ್ಲ ಲಂಡನ್ನಿನ ಕ್ಯೂ ಉದ್ಯಾನ ಸೇರಿತು. ಹೆಸರು ಉಳಿಯಿತು, ಬೆಳಕು ಉಳಿಯಲಿಲ್ಲ. ಗಾರ್ಡ್ನರ್ 1844ರಲ್ಲಿ ಸಿಲೋನಿನ ಪೆರಾದೆನಿಯ ಸಸ್ಯೋದ್ಯಾನದ ಮುಖ್ಯಸ್ಥನಾಗಿ ಬಂದು 1849ರಲ್ಲಿ ಅಲ್ಲಿಯೇ ತೀರಿಕೊಂಡ. (ನಮ್ಮ ನೆರೆಯ ನೀಲಗಿರಿಯಲ್ಲೂ ಅವನು ಗಿಡಗಳನ್ನು ಸಂಗ್ರಹಿಸಿದ್ದಾನೆ.) ಅಣಬೆಯನ್ನು ವಿಜ್ಞಾನ ಮರೆತೇಬಿಟ್ಟಿತು. ತೆಂಗಿನ ಹೂವು ಮಾತ್ರ ತಾಳೆಯ ಬುಡದಲ್ಲಿ ಪ್ರತಿ ಮಳೆಗಾಲವೂ ಅರಳುತ್ತಲೇ ಇತ್ತು. ನೂರಾ ಅರವತ್ತಕ್ಕೂ ಹೆಚ್ಚು ವರ್ಷಗಳ ನಂತರ, 2005ರಲ್ಲಿ, ಬ್ರೆಜಿಲಿನ ಪಿಯಾವಿ ರಾಜ್ಯದಲ್ಲಿ ಮಂಗಗಳ ಅಧ್ಯಯನಕ್ಕೆ ಹೋಗಿದ್ದ ಸಂಶೋಧಕಿಯರ ಕಣ್ಣಿಗೆ ಅದು ಬಿತ್ತು. ಸಾವೊ ಪಾಲೊ ವಿಶ್ವವಿದ್ಯಾನಿಲಯದ ಕ್ಯಾಸಿಯಸ್ ಸ್ಟೆವಾನಿ ಮತ್ತು ಅಮೆರಿಕದ ಡೆನಿಸ್ ಡೆಸ್ಜಾರ್ಡಿನ್ ಬೆಳದಿಂಗಳಿಲ್ಲದ ರಾತ್ರಿಗಳಲ್ಲಿ, ಟಾರ್ಚ್ ಆರಿಸಿ, ಮರಗಳಿಗೆ ಡಿಕ್ಕಿ ಹೊಡೆಯುತ್ತಾ ಇಂಥ ಅಣಬೆಗಳನ್ನು ಹುಡುಕಿದರು. ಬೆಳಕಿದ್ದರೆ ಕಾಣದ ವಸ್ತುವನ್ನು ಹುಡುಕುವ ಕಷ್ಟ ಊಹಿಸಿ! 2011ರಲ್ಲಿ ಅದಕ್ಕೆ ‘ನಿಯೊನೊಥೊಪ್ಯಾನಸ್ ಗಾರ್ಡ್ನರಿ’ ಎಂಬ ಹೊಸ ಹೆಸರು ಬಂತು.

ಈ ಬೆಳಕು ಬರುವುದಾದರೂ ಹೇಗೆ? ಈ ಪ್ರಶ್ನೆಗೆ ಮೊದಲ ಸುಳಿವು ಸಿಕ್ಕಿದ್ದು 1667ರಲ್ಲಿ. ರಾಬರ್ಟ್ ಬಾಯ್ಲ್ ಹೊಳೆಯುವ ಕೊಳೆತ ಮರದ ತುಂಡೊಂದನ್ನು ಗಾಜಿನ ಪಾತ್ರೆಯಲ್ಲಿಟ್ಟು ಪಂಪಿನಿಂದ ಗಾಳಿಯನ್ನು ಹೊರಗೆಳೆದ. ಬೆಳಕು ಮಂಕಾಯಿತು. ಗಾಳಿ ಒಳಬಿಟ್ಟೊಡನೆ ಮತ್ತೆ ಹೊಳೆಯಿತು. ಆಮ್ಲಜನಕ ಎಂಬುದೊಂದಿದೆ ಎಂದು ತಿಳಿಯಲು ಇನ್ನೂ ನೂರು ವರ್ಷ ಬೇಕಾಗಿದ್ದ ಕಾಲವದು! ಮರದೊಳಗೆ ಹರಡಿದ ಶಿಲೀಂಧ್ರದ ಎಳೆಗಳೇ ಬೆಳಗುತ್ತಿದ್ದವು. ಇಂದು ನಮಗೆ ಪೂರ್ಣ ವಿವರ ಗೊತ್ತಿದೆ. ಸಸ್ಯಗಳೆಲ್ಲದರಲ್ಲೂ ಇರುವ ಕೆಫೀಕ್ ಆಮ್ಲದಿಂದ ಅಣಬೆ ಹಿಸ್ಪಿಡಿನ್ ಎಂಬ ವಸ್ತುವನ್ನು ತಯಾರಿಸುತ್ತದೆ. ಅದು ಇನ್ನೊಂದು ಹಂತ ದಾಟಿ ಲೂಸಿಫೆರಿನ್ ಆಗುತ್ತದೆ. ಲೂಸಿಫೆರೇಸ್ ಎಂಬ ಕಿಣ್ವದ ನೆರವಿನಿಂದ ಅದು ಆಮ್ಲಜನಕದೊಡನೆ ಸೇರಿದಾಗ ಬಿಸಿಯಿಲ್ಲದ ಹಸಿರು ಬೆಳಕು ಹೊಮ್ಮುತ್ತದೆ. ರಂಜಕಕ್ಕೂ ಇದಕ್ಕೂ ಸಂಬಂಧವಿಲ್ಲ. ಈ ಲೂಸಿಫೆರಿನ್ ಯಾವುದೆಂದು 2015ರಲ್ಲಿ ತಿಳಿಯಿತು, ಜೀನ್‌ಗಳು 2018ರಲ್ಲಿ ಸಿಕ್ಕವು. 2020ರಲ್ಲಿ ಅದೇ ಜೀನ್‌ಗಳನ್ನು ಹೊಗೆಸೊಪ್ಪಿನ ಗಿಡಕ್ಕೆ ಸೇರಿಸಿದಾಗ ಆ ಗಿಡವೂ ಬೆಳಗಿತು.

ಆದರೆ ಅಣಬೆಗೆ ಬೆಳಕು ಏಕೆ ಬೇಕು? ನನಗೆ ಈ ಕಥೆಯಲ್ಲಿ ಬಹಳ ಹಿಡಿಸುವ ಭಾಗ ಇದು. ನಮ್ಮ ತೆಂಗಿನ ಹೂವಿಗೆ ದೇಹದೊಳಗೆ ಗಡಿಯಾರವಿದೆ. ರಾತ್ರಿ ಹತ್ತರ ಸುಮಾರಿಗೆ ಅದರ ಬೆಳಕು ಗರಿಷ್ಠ. ಸ್ಟೆವಾನಿ ತಂಡದವರು ಅಕ್ರಿಲಿಕ್ ಅಣಬೆಗಳನ್ನು ಮಾಡಿ, ಕೆಲವಕ್ಕೆ ಹಸಿರು ಎಲ್‌ಇಡಿ ದೀಪವಿಟ್ಟು, ಅಂಟು ಹಚ್ಚಿ ಕಾಡಿನಲ್ಲಿಟ್ಟರು. ದೀಪವಿದ್ದವುಗಳಿಗೆ ಹೆಚ್ಚು ಕೀಟಗಳು ಅಂಟಿದವು. ಗಾಳಿ ಕಡಿಮೆಯಿರುವ ದಟ್ಟ ಕಾಡಿನಲ್ಲಿ ಬೀಜಾಣುಗಳನ್ನು ಹರಡಲು ಕೀಟಗಳನ್ನು ಕರೆಯುವ ದೀಪವಿದು ಎಂದು 2015ರಲ್ಲಿ ಅವರು ಬರೆದರು. ಮರುವರ್ಷವೇ ಆಸ್ಟ್ರೇಲಿಯಾದವರು ತಮ್ಮಲ್ಲಿನ ‘ಭೂತದ ಅಣಬೆ’ಯನ್ನು ಪರೀಕ್ಷಿಸಿ, ಅದರ ಬೆಳಕಿಗೆ ಕೀಟಗಳು ಬರುವುದಿಲ್ಲವೆಂದು ತೋರಿಸಿದರು. ಅದು ಹಗಲೂ ರಾತ್ರಿಯೂ ಬೆಳಗುತ್ತಲೇ ಇರುತ್ತದೆ. ಹಾಗಾಗಿ ಒಂದು ಜಾತಿಗೆ ಒಪ್ಪುವ ಉತ್ತರ ಎಲ್ಲ ಜಾತಿಗಳಿಗೂ ಒಪ್ಪಬೇಕಾಗಿಲ್ಲ. (ಅಂದ ಹಾಗೆ, ಆ ಅಣಬೆ ವಿಷಕಾರಿ. ಹೊಳೆಯುವುದನ್ನು ನೋಡಿ, ಬಾಯಿಗೆ ಹಾಕಬೇಡಿ.)

ನಮ್ಮ ದೇಶದ ಮೇಘಾಲಯದಲ್ಲೂ ಇಂಥದ್ದೇ ಒಂದು ಸಂಗತಿ ನಡೆದಿದೆ. ಅಣಬೆಗಳ ಸಮೀಕ್ಷೆಗೆ ಬಂದ ವಿಜ್ಞಾನಿಗಳಿಗೆ ಹಳ್ಳಿಯವರು ‘ವಿದ್ಯುತ್ ಅಣಬೆ’ ತೋರಿಸಿದರು. ಅದು ಸತ್ತ ಬಿದಿರಿನ ಮೇಲೆ ಬೆಳೆಯುತ್ತದೆ. ಆ ಬಿದಿರಿನ ತುಂಡನ್ನೇ ಟಾರ್ಚಿನಂತೆ ಹಿಡಿದು ಜನ ರಾತ್ರಿ ಕಾಡಿನ ದಾರಿ ನಡೆಯುತ್ತಿದ್ದರು. 2020ರಲ್ಲಿ ಅದು ‘ರೋರಿಡೊಮೈಸಿಸ್ ಫಿಲೊಸ್ಟಾಕಿಡಿಸ್’ ಎಂಬ ಹೊಸ ಜಾತಿಯಾಗಿ ಪುಸ್ತಕ ಸೇರಿತು. ಅದರಲ್ಲಿ ಬೆಳಗುವುದು ಕಾಂಡ ಮಾತ್ರ, ಮೇಲಿನ ಕೊಡೆ ಬೆಳಗುವುದಿಲ್ಲ. ಕೀಟಗಳನ್ನು ಕರೆಯಲೆಂದೇ ಬೆಳಕಿದ್ದರೆ ಬೀಜಾಣುಗಳಿರುವ ಕೊಡೆಯೇ ಏಕೆ ಕತ್ತಲಲ್ಲಿದೆ?