ಕಂಕಾಳಿ ದಿಬ್ಬದ ಅಗೆತ

ಮಥುರಾ ನಗರದ ಕಂಕಾಳಿ ದಿಬ್ಬಕ್ಕೆ ಆ ಹೆಸರು ಬಂದದ್ದು ಅದರ ಮೇಲಿದ್ದ ಒಂದು ಚಿಕ್ಕ ದೇವೀಗುಡಿಯಿಂದ. ಅದರ ಒಡಲಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ಜೈನ ಕ್ಷೇತ್ರವೊಂದು ಹುದುಗಿದ್ದಿತು. ಹತ್ತೊಂಬತ್ತನೆಯ ಶತಮಾನದ ಜನರಿಗಾದರೋ ಅದು ಇಟ್ಟಿಗೆಯ ಗಣಿ. ಬೇಕಾದವರು ಬೇಕಾದಲ್ಲಿ ಅಗೆದು ಒಯ್ದರು. 1871ರಲ್ಲಿ ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಮ್, 1875ರಲ್ಲಿ ಗ್ರೌಸ್ ಅಲ್ಲಿ ಶೋಧಿಸುವ ಹೊತ್ತಿಗೆ ನೆಲ ಆಗಲೇ ಕದಡಿಹೋಗಿತ್ತು.

ಕದಡಿದ ನೆಲದಲ್ಲಿ ಕಂದಕ ತೋಡುವವನ ಹೊಣೆ ದೊಡ್ಡದು. ಗೋಡೆಯ ಇಟ್ಟಿಗೆ ಕಿತ್ತ ಕುಳಿಯೊಳಗೆ ಮೇಲಿನ ಮಣ್ಣು ಜಾರಿ ತುಂಬುತ್ತದೆ. ಆ ಮಣ್ಣಿನಲ್ಲಿ ದೊರೆತ ನಾಣ್ಯವು ಗೋಡೆಯ ಕಾಲವನ್ನು ಹೇಳಲಾರದು. ಹೇಳಿತೆಂದು ನಂಬಿದರೆ ಅದು ಸುಳ್ಳುಸಾಕ್ಷಿ. ಆದ್ದರಿಂದ ಕಂದಕದ ಬದಿಯನ್ನು ನೆಟ್ಟಗೆ ಕತ್ತರಿಸಿ, ಮಣ್ಣಿನ ಬಣ್ಣ, ಗಡಸುತನಗಳನ್ನು ನೋಡಿ, ಕುಳಿ ಯಾವುದು, ಮೂಲಸ್ತರ ಯಾವುದು ಎಂದು ಬೇರ್ಪಡಿಸಿ, ಪ್ರತಿಯೊಂದು ವಸ್ತುವಿನ ಸ್ಥಳವನ್ನು ಎತ್ತುವ ಮುನ್ನವೇ ಬರೆದಿಡಬೇಕು. ಜೀರ್ಣೋದ್ಧಾರಕ್ಕಾಗಿ ನಮ್ಮ ಬಸದಿಗಳ ಅಂಗಳದಲ್ಲಿ ತಳಪಾಯ ತೋಡುವಾಗಲೂ ಇದು ನೆನಪಿರಬೇಕಾದ ಮಾತು.

1888ರಿಂದ 1891ರವರೆಗೆ ಅಲ್ಲಿ ಅಗೆಸಿದ ಫ್ಯೂರರ್ ಕಂಡುದು ಅಪಾರ: 47 ಅಡಿ ವ್ಯಾಸದ ಇಟ್ಟಿಗೆಯ ಸ್ತೂಪ, ಎರಡು ಜಿನಾಲಯಗಳ ಅವಶೇಷ, ಆಯಾಗಪಟಗಳು, ತೀರ್ಥಂಕರಬಿಂಬಗಳು. 1890-91ರ ಒಂದೇ ಋತುವಿನಲ್ಲಿ 737 ಶಿಲ್ಪಗಳು ಲಖನೌ ಸಂಗ್ರಹಾಲಯ ಸೇರಿದವು. ಶಿಲ್ಪಗಳು ಉಳಿದವು, ನಿಜ. ಆದರೆ ಯಾವುದು ಯಾವ ಸ್ತರದಲ್ಲಿ, ಯಾವ ಗೋಡೆಯ ಬಳಿ ಇತ್ತೆಂಬ ತೃಪ್ತಿಕರ ದಾಖಲೆ ಉಳಿಯಲಿಲ್ಲ. ನೇಪಾಳದ ತೆರಾಯಿ ಶೋಧನೆಯಲ್ಲಿ ಸುಳ್ಳು ವರದಿ ಬರೆದುದು ಬಯಲಾಗಿ ಫ್ಯೂರರ್ 1898ರಲ್ಲಿ ಪದವಿ ಬಿಟ್ಟರು. 1901ರಲ್ಲಿ ವಿನ್ಸೆಂಟ್ ಸ್ಮಿತ್ ಗ್ರಂಥ ಪ್ರಕಟಿಸುವಾಗ ಅವರ ಕೈಯಲ್ಲಿದ್ದುದು ಹೆಚ್ಚಾಗಿ ಚಿತ್ರಫಲಕಗಳು. ಅವುಗಳಿಗೆ ಒಪ್ಪುವ ಬರಹವಿರಲಿಲ್ಲ.

ಇದರ ನಷ್ಟವೆಷ್ಟೆಂಬುದಕ್ಕೆ ಒಂದು ಪೀಠವೇ ಸಾಕು. ಕ್ರಿ.ಶ. ಎರಡನೆಯ ಶತಮಾನದ, ಕುಷಾಣರ ಕಾಲದ ಆ ಪೀಠದ ಶಾಸನವು, ಶ್ರಾವಿಕೆಯೊಬ್ಬಳು ‘ದೇವನಿರ್ಮಿತ’ವಾದ ವೋದ್ವ ಸ್ತೂಪದಲ್ಲಿ ಅರ್ಹಂತನ ಬಿಂಬವನ್ನು ನಿಲ್ಲಿಸಿದಳೆಂದು ಸಾರುತ್ತದೆ. ಕಟ್ಟಿದವರ ಹೆಸರು ಮರೆತು ದೇವತೆಗಳೇ ಕಟ್ಟಿದರೆಂದು ಆಗಲೇ ನಂಬಿದ್ದರೆಂದರೆ ಸ್ತೂಪವು ಅದಕ್ಕಿಂತ ಎಷ್ಟೋ ಶತಮಾನ ಹಳೆಯದೆಂದು ಸ್ಮಿತ್ ಊಹಿಸಿದರು. ಊಹೆ ಸೊಗಸಾಗಿದೆ, ಆದರೆ ಅದು ನಿಂತಿರುವುದು ಒಂದು ಪದದ ಮೇಲೆ. ಇಟ್ಟಿಗೆಯ ಬುಡದ ಮಣ್ಣನ್ನು ಕೇಳಬಹುದಾಗಿದ್ದ ಕಾಲ ಕಳೆದುಹೋಯಿತು. ಆ ಶ್ರಾವಿಕೆ ನಿಲ್ಲಿಸಿದ ಬಿಂಬವೂ ಈಗಿಲ್ಲ, ಅಕ್ಷರಗಳನ್ನು ಹೊತ್ತ ಪೀಠ ಮಾತ್ರ ಲಖನೌದಲ್ಲಿದೆ.