ಸುರಂಗದ ನೀರು, ವಿಜ್ಞಾನದ ಅಂಕ

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ನಮ್ಮ ಬಾಯಾರಿನಲ್ಲಿ ಕನ್ನಡ ಮಾಧ್ಯಮವೇನೋ ಉಳಿಯಿತು. ಪಠ್ಯಕ್ರಮ ಮಾತ್ರ ತಿರುವನಂತಪುರದ್ದಾಯಿತು. ವಿಜ್ಞಾನದ ಪಾಠಗಳು ಮಲಯಾಳದಿಂದ ಕನ್ನಡಕ್ಕೆ ಇಳಿದು ಬರತೊಡಗಿದವು.

ಎಂಬತ್ತರ ದಶಕದಲ್ಲಿ ನಾವು ಏಳನೆಯ ತರಗತಿಗೆ ವಿಜ್ಞಾನ ಕಲಿಸುತ್ತಿದ್ದಾಗ ಪರೀಕ್ಷೆಯೆಂದರೆ ವ್ಯಾಖ್ಯೆಗಳನ್ನು ಒಪ್ಪಿಸುವುದೇ ಆಗಿತ್ತು. ಅಂತರ್ಜಲದ ಪ್ರಶ್ನೆಗೆ ಏನನ್ನೂ ಬರೆಯದೆ ಸೊನ್ನೆ ಪಡೆದ ಹುಡುಗನೊಬ್ಬನನ್ನು ಕರೆದು, "ನಿಮ್ಮ ಮನೆಯ ಸುರಂಗಕ್ಕೆ ನೀರು ಎಲ್ಲಿಂದ ಬರುತ್ತದೆ ಮಾರಾಯಾ?" ಎಂದು ಕೇಳಿದೆವು. ಮಳೆನೀರು ಮುರಕಲ್ಲಿನೊಳಗೆ ಇಳಿಯುವುದನ್ನೂ, ಅಡಿಯ ಜೇಡಿಮಣ್ಣು ಅದನ್ನು ತಡೆಯುವುದನ್ನೂ, ಸುರಂಗದ ಇಳಿಜಾರಿನಲ್ಲಿ ಅದು ತಾನಾಗಿಯೇ ತೊಟ್ಟಿಗೆ ಹರಿಯುವುದನ್ನೂ ಅವನು ತುಳುವಿನಲ್ಲಿ ತಡವರಿಸದೆ ವಿವರಿಸಿದ. ತಂದೆ ಸುರಂಗ ಕೊರೆಯುವವರು. ಪ್ರಶ್ನೆಯಲ್ಲಿದ್ದ 'ಪಾರಗಮ್ಯ ಶಿಲಾಸ್ತರ' ಮಾತ್ರ ಅವನಿಗೆ ತಿಳಿದಿರಲಿಲ್ಲ. ನಮಗೂ ಮೊದಲು ನಿಘಂಟು ಬೇಕಾಗಿತ್ತೆನ್ನಿ! ಆದರೂ ಆ ಸೊನ್ನೆಯನ್ನು ತಿದ್ದುವ ಧೈರ್ಯ ನಮಗಾಗಲಿಲ್ಲ.

1994ರಲ್ಲಿ ಡಿ.ಪಿ.ಇ.ಪಿ. ಯೋಜನೆ ಕೇರಳದಲ್ಲಿ ಮೊದಲು ಬಂದ ಮೂರು ಜಿಲ್ಲೆಗಳಲ್ಲಿ ಕಾಸರಗೋಡೂ ಒಂದು. ಕೆಳತರಗತಿಗಳ ಚಟುವಟಿಕೆಯ ಬೋಧನೆ, ನಿರಂತರ ಮೌಲ್ಯಮಾಪನ ಮೆಲ್ಲನೆ ಹಿರಿಯ ಪ್ರಾಥಮಿಕಕ್ಕೂ ಏರಿದವು, 2005ರಲ್ಲಿ ಎಸ್.ಎಸ್.ಎಲ್.ಸಿ.ಗೂ ಅಂಕದ ಬದಲು ಗ್ರೇಡ್ ಬಂತು. ಕಲಿಕೆ ಸಡಿಲವಾಯಿತೆಂದು ಗೊಣಗಿದವರಲ್ಲಿ ನಾವೂ ಇದ್ದೆವು. ಆದರೆ ನಮ್ಮ ತರಗತಿಗೂ ಅದು ಬಂದ ವರ್ಷ, ಮಕ್ಕಳನ್ನು ಸುರಂಗದ ಬಾಯಿಗೆ ಕರೆದೊಯ್ದು ಅಲ್ಲಿಯೇ ಪ್ರಶ್ನೆ ಕೇಳಿದೆವು. ತುಳುವಿನ ಉತ್ತರಕ್ಕೂ ಗ್ರೇಡ್ ಬರೆದೆವು.