ದೀರ್ಘಾವಧಿ ಮಿಥೈಲ್‌ಫೆನಿಡೇಟ್‌ನ ಜೆನೆರಿಕ್ ಬದಲಾವಣೆ

ದೀರ್ಘಾವಧಿ ಮಿಥೈಲ್‌ಫೆನಿಡೇಟ್‌ನ ಜೆನೆರಿಕ್ ಬದಲಾವಣೆ ಎಂದರೆ, ಎಡಿಎಚ್‌ಡಿ ಎಂದು ಕರೆಯಲಾಗುವ ಗಮನ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆಗೆ ನೀಡುವ ನಿಧಾನ ಬಿಡುಗಡೆಯ ಮಾತ್ರೆಯನ್ನು ಮೂಲ ಬ್ರ್ಯಾಂಡ್‌ನಿಂದ ಬೇರೊಬ್ಬ ತಯಾರಕರ ಮಾತ್ರೆಗೆ ಬದಲಿಸುವುದು. ಎರಡರಲ್ಲೂ ಇರುವ ಔಷಧ ಒಂದೇ. ಆದರೆ ಅದು ಹೊಟ್ಟೆಯೊಳಗೆ ಬಿಡುಗಡೆಯಾಗುವ ವೇಗ ಒಂದೇ ಆಗಿರಬೇಕೆಂದಿಲ್ಲ.

ಮಾತ್ರೆಯ ರಚನೆ

ಮಿಥೈಲ್‌ಫೆನಿಡೇಟನ್ನು 1944ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಸಂಸ್ಥೆಯ ಲಿಯಾಂಡ್ರೊ ಪಾನಿಜ್ಜೋನ್ ಮೊದಲು ತಯಾರಿಸಿದನು. ಇದರ ಸಾಮಾನ್ಯ ಮಾತ್ರೆಯ ಪರಿಣಾಮ ಕೆಲವೇ ಗಂಟೆ ಉಳಿಯುವುದರಿಂದ ದಿನಕ್ಕೆ ಎರಡು ಮೂರು ಸಲ ಸೇವಿಸಬೇಕಾಗುತ್ತದೆ. 2000ದಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆದ ಕಾನ್ಸರ್ಟಾ ಈ ತೊಡಕನ್ನು ನಿವಾರಿಸಿತು. ಈ ಮಾತ್ರೆಯ ಹೊರಲೇಪದಲ್ಲಿರುವ ಸುಮಾರು 22% ಔಷಧ ಬೇಗ ಕರಗುತ್ತದೆ. ಉಳಿದದ್ದು ಗಟ್ಟಿ ಕವಚದೊಳಗಿರುತ್ತದೆ. ಕವಚದೊಳಗಿನ ಒಂದು ಪದರವು ನೀರು ಹೀರಿ ಉಬ್ಬುತ್ತಾ, ಲೇಸರ್‌ನಿಂದ ಕೊರೆದ ಸಣ್ಣ ರಂಧ್ರದ ಮೂಲಕ ಔಷಧವನ್ನು ಹೊರದೂಡುತ್ತದೆ. ಪರಿಣಾಮವು ಸುಮಾರು 12 ಗಂಟೆ ಇರುತ್ತದೆ. ಖಾಲಿ ಕವಚವು ಮಲದಲ್ಲಿ ಹಾಗೆಯೇ ಹೊರಬರುವುದುಂಟು. ಇದನ್ನು ಕಂಡು ಮಾತ್ರೆ ಕರಗಲಿಲ್ಲವೆಂದು ಗಾಬರಿಪಡಬೇಕಿಲ್ಲ.

ಮೇಣದಂತಹ ಪದಾರ್ಥದೊಳಗೆ ಔಷಧವನ್ನು ಹುದುಗಿಸಿದ ಮಾತ್ರೆಗಳೂ, ಲೇಪಿತ ಕಣಗಳ ಕ್ಯಾಪ್ಸೂಲ್‌ಗಳೂ ಇವೆ. 'ಎಸ್‌ಆರ್', 'ಇಆರ್', 'ಒಡಿ' ಎಂಬ ಅಕ್ಷರಗಳು ನಿಧಾನ ಬಿಡುಗಡೆಯನ್ನು ಸೂಚಿಸುತ್ತವೆಯೇ ಹೊರತು ವಿಧಾನವನ್ನಲ್ಲ. ಹಾಗಾಗಿ ಕಾನ್ಸರ್ಟಾ 18 ಮಿ.ಗ್ರಾಂ ಮತ್ತು ಬೇರೊಂದು ಸಂಸ್ಥೆಯ ಎಸ್‌ಆರ್ 20 ಮಿ.ಗ್ರಾಂ ಹತ್ತಿರದ ಸಂಖ್ಯೆಗಳೆಂದು ಒಂದರ ಬದಲು ಇನ್ನೊಂದನ್ನು ಕೊಡಲಾಗದು.

ಅಮೆರಿಕದ ಪ್ರಕರಣ

ಜೆನೆರಿಕ್ ಔಷಧವು ರಕ್ತದಲ್ಲಿ ತಲುಪುವ ಗರಿಷ್ಠ ಮಟ್ಟ ಮತ್ತು ಒಟ್ಟು ಪ್ರಮಾಣಗಳು ಮೂಲ ಔಷಧಕ್ಕೆ ಹೋಲಿಸಿದಾಗ 80ರಿಂದ 125%ರ ವಿಶ್ವಾಸಮಿತಿಯೊಳಗೆ ಇರಬೇಕೆಂಬುದು ಜೈವಿಕ ಸಮಾನತೆಯ ಸಾಮಾನ್ಯ ಅಳತೆ. ದಿನದ ಯಾವ ಹೊತ್ತಿಗೆ ಎಷ್ಟು ಔಷಧ ದೊರೆಯಿತು ಎಂಬುದನ್ನು ಈ ಎರಡು ಅಂಕಿಗಳು ಪೂರ್ತಿಯಾಗಿ ಹೇಳುವುದಿಲ್ಲ. ನವೆಂಬರ್ 2014ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಮ್ಯಾಲಿಂಕ್ರಾಟ್ ಮತ್ತು ಕುಡ್ಕೊ ಸಂಸ್ಥೆಗಳ ಕಾನ್ಸರ್ಟಾ ಜೆನೆರಿಕ್‌ಗಳನ್ನು 'ಪರಸ್ಪರ ಬದಲಿಸಬಹುದಾದವು' ಎಂಬ ವರ್ಗದಿಂದ ತೆಗೆಯಿತು. ಕೆಲವರಲ್ಲಿ ಅವು 7ರಿಂದ 12ನೆಯ ಗಂಟೆಯ ನಡುವೆ ಔಷಧವನ್ನು ತೀರ ನಿಧಾನವಾಗಿ ಒದಗಿಸುತ್ತಿರಬಹುದು ಎಂಬುದು ಅದಕ್ಕೆ ಕಾರಣ. ಅದೇ ವೇಳೆಯಲ್ಲಿ, ಮೂಲ ತಯಾರಕರೇ ಮಾಡಿ ಬೇರೆ ಹೆಸರಿನಲ್ಲಿ ಮಾರಾಟವಾಗುತ್ತಿದ್ದ ಜೆನೆರಿಕ್‌ಗೆ ಈ ಆಕ್ಷೇಪ ಅನ್ವಯಿಸಲಿಲ್ಲ. ತೊಡಕಿದ್ದುದು ಜೆನೆರಿಕ್ ಎಂಬುದರಲ್ಲಲ್ಲ, ಮಾತ್ರೆಯ ರಚನೆಯಲ್ಲಿ.

ಬೆಳಿಗ್ಗೆ 7ಕ್ಕೆ ಮಾತ್ರೆ ನುಂಗಿದ ಮಗುವಿಗೆ ಆ ಅವಧಿಯೆಂದರೆ ಮಧ್ಯಾಹ್ನ 2ರಿಂದ ಸಂಜೆ 7: ಕೊನೆಯ ಪಾಠಗಳು, ಬಸ್ಸಿನ ಪ್ರಯಾಣ, ಮನೆಪಾಠ. ಹೀಗಾಗಿ ಔಷಧದ ಕೊರತೆಯು ಮಗುವಿನ ಹಟವೆಂದು ತಪ್ಪಾಗಿ ಅರ್ಥವಾಗುವ ಸಾಧ್ಯತೆಯಿದೆ.

ಭಾರತದ ಕಾನೂನು

ಮಿಥೈಲ್‌ಫೆನಿಡೇಟ್ 1985ರ ಮಾದಕ ವಸ್ತು ಮತ್ತು ಮನೋಪ್ರಭಾವಿ ವಸ್ತುಗಳ ಕಾಯ್ದೆಗೆ ಒಳಪಟ್ಟಿದೆ. 1945ರ ಔಷಧ ನಿಯಮಗಳ ಅನುಸೂಚಿ ಎಕ್ಸ್‌ನಲ್ಲಿಯೂ ಸೇರಿದೆ. ಇದನ್ನು ಮಾರಲು ಅಂಗಡಿಗೆ ಪ್ರತ್ಯೇಕ ಪರವಾನಗಿ ಬೇಕು. ವೈದ್ಯರ ಚೀಟಿ ಎರಡು ಪ್ರತಿಗಳಲ್ಲಿರಬೇಕು. ಒಂದನ್ನು ಅಂಗಡಿಯವರು 2 ವರ್ಷ ಕಾಯ್ದಿಡಬೇಕು. ಇದೇ ನಿಯಮಗಳ 65(11ಎ) ಪ್ರಕಾರ, ಅನುಸೂಚಿ ಎಚ್ ಅಥವಾ ಎಕ್ಸ್‌ನ ಔಷಧ ಬರೆದ ಚೀಟಿಗೆ ಅಂಗಡಿಯವರು ಬೇರೆ ತಯಾರಿಕೆಯನ್ನು, ಅದರಲ್ಲಿ ಅದೇ ಔಷಧವಿದ್ದರೂ, ಬದಲಿಯಾಗಿ ಕೊಡುವಂತಿಲ್ಲ. 'ಅದೇ ಔಷಧ, ಕಂಪನಿ ಬೇರೆ' ಎಂಬ ಅಂಗಡಿಯ ಮಾತಿಗೆ ಈ ಔಷಧದ ಮಟ್ಟಿಗೆ ಕಾನೂನಿನ ಬಲವಿಲ್ಲ. ಅಲ್ಲದೆ 2019ರ ಹೊಸ ಔಷಧ ನಿಯಮಗಳಂತೆ ನಿಧಾನ ಬಿಡುಗಡೆಯ ರೂಪಗಳು ಸದಾ 'ಹೊಸ ಔಷಧ'ಗಳೆಂದೇ ಪರಿಗಣಿತವಾಗುತ್ತವೆ.

ಮಂಡ್ಯ ಜಿಲ್ಲೆಯಲ್ಲಿ

ಪಾಂಡವಪುರ ಉಪವಿಭಾಗಕ್ಕೆ ಸೇರಿದ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳಲ್ಲಿಯೂ ಇದೇ ನಿಯಮಗಳು ಅನ್ವಯಿಸುತ್ತವೆ. ಪರವಾನಗಿಯುಳ್ಳ ಅಂಗಡಿ ಹತ್ತಿರದಲ್ಲಿಲ್ಲದವರಿಗೆ ಬ್ರ್ಯಾಂಡ್ ಬದಲಾವಣೆಯು ಆಯ್ಕೆಗಿಂತ ಹೆಚ್ಚಾಗಿ ಲಭ್ಯತೆಯ ಪ್ರಶ್ನೆಯಾಗುತ್ತದೆ. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ವೈದ್ಯಕೀಯ ವಿಜ್ಞಾನ ಸಂಸ್ಥೆಯೂ, ಮಂಡ್ಯದಲ್ಲಿ ಸರ್ಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆಯೂ ಇವೆ. ಶ್ರೀರಂಗಪಟ್ಟಣದವರಿಗೆ ಸುಮಾರು 15 ಕಿ.ಮೀ. ದೂರದ ಮೈಸೂರೇ ಹತ್ತಿರ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಶಾಲೆ, ಅಂಗನವಾಡಿಗಳಲ್ಲಿ ನಡೆಯುವ ತಪಾಸಣೆಯ ಪಟ್ಟಿಯಲ್ಲಿ ಎಡಿಎಚ್‌ಡಿಯೂ ಸೇರಿದೆ.

ಬದಲಾವಣೆಯ ಸಮಯದಲ್ಲಿ

ಅನೇಕರಿಗೆ ಬದಲಾವಣೆಯಿಂದ ತೊಂದರೆಯಾಗುವುದಿಲ್ಲ. ಆದರೂ ಹಳೆಯ ಪಟ್ಟಿಯ ಖಾಲಿ ಹಾಳೆಯನ್ನು ವೈದ್ಯರಿಗೆ ತೋರಿಸುವುದು, ಔಷಧದ ಹಿಡಿತ ಎಷ್ಟು ಗಂಟೆಗೆ ಸಡಿಲಗೊಳ್ಳುತ್ತದೆಂದು ಒಂದೆರಡು ವಾರ ಬರೆದಿಡುವುದು ಉಪಯುಕ್ತ. ಶಿಕ್ಷಕರ ಗಮನಿಕೆ ಇಲ್ಲಿ ಪೋಷಕರದಕ್ಕಿಂತ ಹೆಚ್ಚು ಬೆಲೆಯುಳ್ಳದ್ದು, ಏಕೆಂದರೆ ಮಧ್ಯಾಹ್ನ ಮಗುವನ್ನು ನೋಡುವವರು ಅವರೇ. ಹಸಿವು, ನಿದ್ರೆ, ತೂಕ, ನಾಡಿಬಡಿತ ಮತ್ತು ರಕ್ತದೊತ್ತಡಗಳ ಮೇಲೂ ನಿಗಾ ಬೇಕು. ನಿಧಾನ ಬಿಡುಗಡೆಯ ಮಾತ್ರೆಯನ್ನು ಪುಡಿಮಾಡಿ ಬಾಳೆಹಣ್ಣಿನಲ್ಲಿ ಬೆರೆಸಿ ಕೊಟ್ಟರೆ ದಿನದ ಔಷಧವೆಲ್ಲ ಒಮ್ಮೆಲೇ ದೇಹ ಸೇರುವ ಅಪಾಯವಿದೆ. ಪರಿಣಾಮ ಸಾಲದೆನಿಸಿದರೆ ತಾವಾಗಿ ಎರಡು ಮಾತ್ರೆ ಕೊಡುವುದೂ ಸಲ್ಲದು.

ಹೊಸ ಮಾತ್ರೆಯಿಂದ ಅಡ್ಡಪರಿಣಾಮ ಕಂಡುಬಂದರೆ ವೈದ್ಯರ ಗಮನಕ್ಕೆ ತರುವುದರ ಜೊತೆಗೆ ಭಾರತೀಯ ಔಷಧ ಜಾಗರೂಕತಾ ಕಾರ್ಯಕ್ರಮದ ಉಚಿತ ದೂರವಾಣಿ 1800-180-3024ಕ್ಕೆ ರೋಗಿಗಳೂ ಪೋಷಕರೂ ನೇರವಾಗಿ ವರದಿ ಮಾಡಬಹುದು.